ವಿದೇಶಿ ಬಂಡವಾಳದ ಸುದ್ದಿ ಓದುವುದು ಹೇಗೆ?

ದಾವಣಗೆರೆಯಲ್ಲಿ ವ್ಯಾಪಾರಿಗಳ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ‘ಇಷ್ಟು ಸಾವಿರ ಕೋಟಿ ವಿದೇಶಿ ಬಂಡವಾಳ’ ಅಂತ ಪೇಪರ್‌ನಲ್ಲಿ ಬಂದರೆ ಅಂಗಡಿಯವರು ಕೇಳುತ್ತಾರೆ, ‘ಇದರಿಂದ ನಮಗೇನು ಸಾರ್?’ ಉತ್ತರ ನೀವೇ ಹುಡುಕಬಹುದು.

ಮೊದಲು, ಅದು ನೇರ ಹೂಡಿಕೆಯೇ ನೋಡಿ. ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಒಬ್ಬ ವಿದೇಶಿ ಹೂಡಿಕೆದಾರರ ಪಾಲು ಶೇ 10 ಅಥವಾ ಜಾಸ್ತಿ ಇದ್ದರೆ ನೇರ ಹೂಡಿಕೆ. ಕಡಿಮೆ ಇದ್ದರೆ ಬೇಗ ಬಂದು ಬೇಗ ಹೋಗಬಹುದಾದ ಹಣ. ಬರೀ ಒಡಂಬಡಿಕೆಗೆ ಸಹಿ ಬಿದ್ದಿದ್ದರೆ ಹಣ ಇನ್ನೂ ಬಂದಿಲ್ಲ ಅಂತಲೇ ಅರ್ಥ.

ಆಮೇಲೆ, ಹೊಸ ಕಾರ್ಖಾನೆಯೋ, ಹಳೆ ಕಂಪನಿಯ ಖರೀದಿಯೋ ಕೇಳಿ. ಹಳೆ ಷೇರು ಕೈ ಬದಲಾದರೆ ದುಡ್ಡು ಮಾರಿದವರಿಗೆ ಸೇರುತ್ತದೆ. ಹೊಸ ಕೆಲಸ ಹುಟ್ಟಲೇಬೇಕೆಂದಿಲ್ಲ.

ಜಮೆಯ ಜೊತೆ ಖರ್ಚಿನ ಕಾಲಮ್ಮನ್ನೂ ಓದಿ. 2024-25ರಲ್ಲಿ ಭಾರತಕ್ಕೆ ಬಂದ ಒಟ್ಟು ನೇರ ಹೂಡಿಕೆ ಸುಮಾರು 8,100 ಕೋಟಿ ಡಾಲರ್. ಹಳೆ ಹೂಡಿಕೆದಾರರು ವಾಪಸ್ ಒಯ್ದದ್ದು, ನಮ್ಮ ಕಂಪನಿಗಳು ಹೊರಗೆ ಹೂಡಿದ್ದು ಕಳೆದರೆ ನಿವ್ವಳ ಉಳಿದದ್ದು 100 ಕೋಟಿ ಡಾಲರ್‌ಗಿಂತ ಕಡಿಮೆ! ವಾಪಸ್ ಹೋಗುವುದು ತಪ್ಪಲ್ಲ. ಆದರೆ ಒಟ್ಟು ಮೊತ್ತವನ್ನಷ್ಟೇ ಹೇಳಿ ಹಿಗ್ಗುವುದು ಅರ್ಧ ಲೆಕ್ಕ, ಅಲ್ವಾ?

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಇಲ್ಲಿ ಏನು ಬೇರೂರುತ್ತದೆ? ನಮ್ಮೂರಿನ ಹತ್ತಿ ಮಿಲ್ಲುಗಳಿಗೆ ದುಡ್ಡು ಹಾಕಿದವರು ನಮ್ಮವರೇ. ಅವೂ ಮುಚ್ಚಿದವು. ಹಾಗಾಗಿ ಹಣ ಯಾರದು ಅನ್ನುವುದರಿಂದಲೇ ಎಲ್ಲ ತೀರ್ಮಾನ ಆಗುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ನೋಡಿ. ಈ ಕ್ಷೇತ್ರದಲ್ಲಿ ಶೇ 100 ವಿದೇಶಿ ಹೂಡಿಕೆಗೆ ಸರ್ಕಾರದ ಮುಂಗಡ ಅನುಮತಿ ಸಾಮಾನ್ಯವಾಗಿ ಬೇಡ. ಕರೆಂಟ್ ಸಿಗುತ್ತದೆ, ಜಮೀನು ಕೊಟ್ಟವರಿಗೆ ಹಣ ಸಿಗುತ್ತದೆ. ಆದರೆ ಯಂತ್ರ ನಿಂತ ಮೇಲೆ ಬೇಕಾಗುವ ಜನ ತೀರಾ ಕಡಿಮೆ. ಬಿಡಿಭಾಗ ಎಲ್ಲಿ ತಯಾರಾಗುತ್ತದೆ, ರಿಪೇರಿ ಯಾರು ಕಲಿಯುತ್ತಾರೆ, ಅದನ್ನು ಕೇಳಿ.

ಮಧ್ಯ ಅಮೆರಿಕದ ಕೋಸ್ಟರಿಕಾ ಅನ್ನುವ ಪುಟ್ಟ ದೇಶಕ್ಕೆ 1990ರ ದಶಕದ ಕೊನೆಯಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ಇಂಟೆಲ್ ಕಂಪನಿ ಬಂತು. ಆ ಚಿಪ್‌ಗಳೇ ಆ ದೇಶದ ದೊಡ್ಡ ರಫ್ತಾದವು. 2014ರಲ್ಲಿ ಜೋಡಣೆ ಕೆಲಸ ಏಷ್ಯಾಕ್ಕೆ ಹೋಯಿತು, ಸುಮಾರು 1,500 ಜನ ಕೆಲಸ ಕಳೆದುಕೊಂಡರು. ಎಂಜಿನಿಯರಿಂಗ್ ಕೆಲಸ ಮಾತ್ರ ಅಲ್ಲೇ ಉಳಿಯಿತು, ಯಾಕೆಂದರೆ ಅದನ್ನು ಬಲ್ಲ ಜನ ಅಲ್ಲಿದ್ದರು.

ಅಂಕಿಗಳಿಗೆ ರಿಸರ್ವ್ ಬ್ಯಾಂಕಿನ ತಿಂಗಳ ಬುಲೆಟಿನ್ ನೋಡಿ. ಹಣ ಬಂದ ದೇಶಗಳ ಪಟ್ಟಿಯಲ್ಲಿ ಸಿಂಗಪುರ, ಮಾರಿಷಸ್ ಮೇಲಿದ್ದರೆ ಗಾಬರಿ ಬೇಡ. ಬೇರೆ ದೇಶದ ಹಣವೂ ಅಲ್ಲಿಂದ ಹಾದು ಬರುತ್ತದೆ.