ಬಂಡೆ ಕಂಡರಷ್ಟೇ ನೀರಿಗೆ: ರೆಸಿಫೆಯ ಬೋವಾ ವಿಯಾಜೆಂ ತೀರದಲ್ಲಿ ನಾನು ಪಾಲಿಸುವ ಕ್ರಮ

ಬ್ರೆಜಿಲ್‌ನ ಈಶಾನ್ಯ ಕರಾವಳಿಯ ರೆಸಿಫೆಗೆ ಹೆಸರು ಬಂದದ್ದೇ ಬಂಡೆಸಾಲಿನಿಂದ. ಬೋವಾ ವಿಯಾಜೆಂ ಆ ಊರಿನ ದೊಡ್ಡ ಕಡಲತೀರ. ಏಳೆಂಟು ಕಿಲೋಮೀಟರ್ ಉದ್ದಕ್ಕೂ ಒಂದು ಕಡೆ ಗಗನಚುಂಬಿ ಕಟ್ಟಡಗಳು, ಇನ್ನೊಂದು ಕಡೆ ಮರಳು, ಅದರಾಚೆ ಕಪ್ಪು ಬಂಡೆಯ ಗೋಡೆ. ವಿಮಾನ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರ. ಇಷ್ಟು ಸುಲಭವಾಗಿ ತಲುಪಬಹುದಾದ ಈ ತೀರದಲ್ಲಿ ನೀರಿಗೆ ಇಳಿಯುವ ಮುನ್ನ ಮಾಡಬೇಕಾದ ಲೆಕ್ಕ ಮಾತ್ರ ಸ್ವಲ್ಪ ಜಾಸ್ತಿ.

ಲೆಕ್ಕ ಯಾಕೆಂದರೆ, ಇಲ್ಲಿ ಶಾರ್ಕ್ ಇದೆ. 1992ರಿಂದ ಈಚೆಗೆ ರೆಸಿಫೆ ಮತ್ತು ಅಕ್ಕಪಕ್ಕದ ತೀರಗಳಲ್ಲಿ 70ಕ್ಕೂ ಹೆಚ್ಚು ದಾಳಿಗಳು ದಾಖಲಾಗಿವೆ, 20ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಮೊದಮೊದಲು ದಾಳಿಗೆ ಸಿಕ್ಕಿದವರಲ್ಲಿ ಸರ್ಫಿಂಗ್ ಮಾಡುವವರೇ ಹೆಚ್ಚು. 1990ರ ದಶಕದಲ್ಲಿ ಅದಕ್ಕೆ ನಿಷೇಧ ಬಂದ ಮೇಲೂ ಸುಮ್ಮನೆ ಸ್ನಾನಕ್ಕೆ ಇಳಿದವರ ಮೇಲೆ ದಾಳಿ ನಿಲ್ಲಲಿಲ್ಲ. ಕಚ್ಚುವುದು ಮುಖ್ಯವಾಗಿ ಎರಡು ಜಾತಿ: ಬುಲ್ ಶಾರ್ಕ್ ಮತ್ತು ಟೈಗರ್ ಶಾರ್ಕ್. ಬುಲ್ ಶಾರ್ಕನ್ನು ಅಲ್ಲಿನವರು ‘ಚಪ್ಪಟೆ ತಲೆ’ ಎನ್ನುತ್ತಾರೆ. ಅದು ನದಿಯ ಸಿಹಿನೀರಿಗೂ ನುಗ್ಗಬಲ್ಲದು, ಕದಡಿದ ನೀರಿನಲ್ಲಿ ಸಲೀಸಾಗಿ ಬೇಟೆಯಾಡುತ್ತದೆ. ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ ಸುವಾಪೆ ಬಂದರು ಕಟ್ಟುವಾಗ ಅಲ್ಲಿನ ಅಳಿವೆ ಮತ್ತು ಕಾಂಡ್ಲಾ ಕಾಡು ಕೆಟ್ಟದ್ದು, ಜಬೊಆತಾವ್ ನದಿಯ ಅಳಿವೆ ಹತ್ತಿರದಲ್ಲೇ ಇರುವುದು, ದಡಕ್ಕೆ ಸಮಾನಾಂತರವಾಗಿ ಕಡಲ ತಳದಲ್ಲಿ ಸಾಗುವ ಆಳವಾದ ಕಾಲುವೆಯೊಂದು ಶಾರ್ಕನ್ನು ತೀರದ ತನಕ ಕರೆತರುವುದು, ಇವೆಲ್ಲ ಸಂಶೋಧಕರು ಹೇಳುವ ಕಾರಣಗಳು. ನೀರಿಗೆ ಇಳಿಯುವವನಿಗೆ ಇದರಲ್ಲಿ ಮುಖ್ಯವಾದದ್ದು ಕೊನೆಯದು. ಆಳದ ನೀರು ನೀವು ಅಂದುಕೊಂಡದ್ದಕ್ಕಿಂತ ದಡಕ್ಕೆ ಹತ್ತಿರ ಇದೆ.

ಹಾಗಾದರೆ ಬಂಡೆಯ ಆಸರೆ? ಈ ಬಂಡೆ ಹವಳವಲ್ಲ. ಹಳೆಯ ಕಡಲಂಚಿನ ಮರಳು ಸುಣ್ಣದಂಶದಿಂದ ಬೆಸೆದುಕೊಂಡು ಕಲ್ಲಾದದ್ದು. ಬಂದರಿನ ಮುಂದೆ ಇದೇ ಬಗೆಯ ಸಾಲು ನೇರ ಗೋಡೆಯಂತೆ ನಿಂತಿರುವುದನ್ನು ಡಾರ್ವಿನ್ 1836ರಲ್ಲಿ ನೋಡಿ, ಮನುಷ್ಯರು ಕಟ್ಟಿದಂತಿದೆ ಎಂದು ಬೆರಗಾಗಿದ್ದ. ಇಳಿತದಲ್ಲಿ ಬಂಡೆಯ ಬೆನ್ನು ನೀರಿನ ಮೇಲೆ ಬರುತ್ತದೆ, ಒಳಗೆ ಮೊಣಕಾಲಿನಿಂದ ಸೊಂಟದವರೆಗಿನ ಕೊಳಗಳು ಉಳಿಯುತ್ತವೆ. ಆಗ ಬಂಡೆಯಲ್ಲಿ ಕಿಂಡಿಯಿಲ್ಲದ ಕಡೆ ದೊಡ್ಡ ಮೀನು ಒಳಗೆ ಬರಲು ದಾರಿಯಿಲ್ಲ. ಉಬ್ಬರದಲ್ಲಿ ಅದೇ ಬಂಡೆ ಮುಳುಗುತ್ತದೆ, ಅದರ ಮೇಲೆ ಈಜಿ ಬರುವಷ್ಟು ನೀರಿರುತ್ತದೆ. ಅಂದರೆ ಬೆಳಿಗ್ಗೆ ಮಕ್ಕಳು ಆಡುತ್ತಿದ್ದ ಜಾಗವೇ ಸಂಜೆ ತೆರೆದ ಕಡಲು. ‘ಬಂಡೆ ಇರುವ ಕಡೆ ಸುರಕ್ಷಿತ’ ಎಂಬ ಅರ್ಧ ಮಾತನ್ನು ನಂಬಿ ಮಧ್ಯಾಹ್ನ ಮೂರಕ್ಕೆ ಇಳಿಯುವ ಪ್ರವಾಸಿಗರನ್ನು ಕಂಡರೆ ನನಗೆ ಜೀವ ಹಾರುತ್ತದೆ. ಕಾಯುವುದು ಬಂಡೆಯಲ್ಲ, ಬಂಡೆ ನೀರಿನಿಂದ ಮೇಲಿರುವ ಹೊತ್ತು.

ಆ ಹೊತ್ತನ್ನು ಲೆಕ್ಕ ಹಾಕಲು ಕನ್ನಡಿಗರಿಗೆ ಒಂದು ಅನುಕೂಲವಿದೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ಇರುತ್ತದೆ. ರೆಸಿಫೆಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅಮಾವಾಸ್ಯೆ, ಹುಣ್ಣಿಮೆಯ ದಿನ ಇಳಿತ ಬೆಳಿಗ್ಗೆ ಸುಮಾರು 10ಕ್ಕೆ, ಉಬ್ಬರ ಸಂಜೆ 4ರ ಸುಮಾರಿಗೆ. ಮುಂದೆ ಪ್ರತಿ ತಿಥಿಗೆ 40–50 ನಿಮಿಷ ತಡವಾಗುತ್ತ ಹೋಗುತ್ತದೆ. ಬಿದಿಗೆಗೆ ಹನ್ನೊಂದೂವರೆಯ ಆಸುಪಾಸು, ಚೌತಿಗೆ ಮಧ್ಯಾಹ್ನ ಒಂದರ ಹತ್ತಿರ. ನೀರು ಅತಿ ಕೆಳಗೆ ಹೋಗುವುದು ಸಾಮಾನ್ಯವಾಗಿ ಹುಣ್ಣಿಮೆಯ ದಿನವೇ ಅಲ್ಲ, ಅದರ ಮರುದಿನ ಅಥವಾ ಮೂರನೆಯ ದಿನ. ಭಾರತದ ತಿಥಿಗೂ ಅಲ್ಲಿನ ಗಡಿಯಾರಕ್ಕೂ ಇರುವ ಎಂಟೂವರೆ ಗಂಟೆಯ ವ್ಯತ್ಯಾಸದಿಂದ ಈ ಲೆಕ್ಕ ಹದಿನೈದಿಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಪ್ಪುವುದಿಲ್ಲ. ಪ್ರಯಾಣದ ದಿನ ಗೊತ್ತುಮಾಡಲು ಇಷ್ಟು ಸಾಕು.

ಅಷ್ಟಮಿ ಬಂದರೆ ನಾನು ನೀರಿನ ಆಸೆಯನ್ನೇ ಬಿಡುತ್ತೇನೆ. ಆ ದಿನಗಳಲ್ಲಿ ಇಳಿತ ಸಂಜೆ ನಾಲ್ಕರ ಸುಮಾರಿಗೆ ಬರುತ್ತದೆ, ಅದೂ ಅರೆಬರೆ ಇಳಿತ. ರೆಸಿಫೆಯಲ್ಲಿ ವರ್ಷವಿಡೀ ಸೂರ್ಯ ಐದರಿಂದ ಐದೂಮುಕ್ಕಾಲರ ನಡುವೆಯೇ ಮುಳುಗುತ್ತಾನೆ. ಬಂಡೆ ಸರಿಯಾಗಿ ಮೇಲೆ ಬರುವುದಿಲ್ಲ, ಬೆಳಕೂ ಇರುವುದಿಲ್ಲ. ಮುಸ್ಸಂಜೆ ಮತ್ತು ನಸುಕು ಶಾರ್ಕ್ ಆಹಾರ ಹುಡುಕುವ ಹೊತ್ತು.

ನಿಖರ ಸಮಯಕ್ಕೆ ಬ್ರೆಜಿಲ್ ನೌಕಾಪಡೆ ಪ್ರಕಟಿಸುವ ಉಬ್ಬರ ಕೋಷ್ಟಕದಲ್ಲಿ ರೆಸಿಫೆ ಬಂದರಿನ ಪುಟ ನೋಡುತ್ತೇನೆ. ಪ್ರತಿ ದಿನಕ್ಕೆ ಮೂರು ಅಥವಾ ನಾಲ್ಕು ಸಾಲು, ಸಮಯ ಮತ್ತು ಮೀಟರ್‌ನಲ್ಲಿ ಎತ್ತರ. ನನ್ನ ಅಳತೆ ಹೀಗೆ: ಇಳಿತದ ಎತ್ತರ 0.4 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯ ದಿನ. 0.5–0.6 ಇದ್ದರೆ ಹೋಗಿ ಕಣ್ಣಾರೆ ನೋಡಿ ತೀರ್ಮಾನ. 0.7 ದಾಟಿದರೆ ಮರಳಿನ ಮೇಲೆ ನಡಿಗೆ, ಎಳನೀರು, ಅಷ್ಟೇ. ಆ್ಯಪ್ ಬಳಸುವವರು ಫೋನಿನ ಗಡಿಯಾರ ಅಲ್ಲಿನ ಸಮಯಕ್ಕೆ ಬದಲಾಗಿದೆಯೇ, ಆ್ಯಪ್‌ನಲ್ಲಿ ಆಯ್ದುಕೊಂಡ ಊರು ರೆಸಿಫೆಯೇ ಎಂದು ಎರಡು ಸಲ ನೋಡಿಕೊಳ್ಳಬೇಕು. ಸಮಯ ತಪ್ಪಿದರೆ ಇಳಿತದ ಬದಲು ಉಬ್ಬರಕ್ಕೇ ಹೋಗಿ ಇಳಿದಂತಾಗುತ್ತದೆ.

ಇಳಿತಕ್ಕೆ ಎರಡು ಗಂಟೆ ಮೊದಲು ತೀರಕ್ಕೆ ಬರುತ್ತೇನೆ, ಬಂಡೆ ಪೂರ್ತಿ ಕಾಣಿಸಿದ ಮೇಲೆ ಇಳಿಯುತ್ತೇನೆ, ಇಳಿತವಾಗಿ ಒಂದು ಗಂಟೆಯೊಳಗೆ ಎಲ್ಲರನ್ನೂ ಮೇಲೆ ಕರೆಸುತ್ತೇನೆ. ಆ ಒಂದು ಗಂಟೆಯ ಮಿತಿ ಸುಮ್ಮನೆ ಇಟ್ಟದ್ದಲ್ಲ. ಹುಣ್ಣಿಮೆಯ ಹೊತ್ತಿನಲ್ಲಿ ನೀರು ಆರು ಗಂಟೆಯಲ್ಲಿ ಸುಮಾರು 2.4 ಮೀಟರ್ ಏರುತ್ತದೆ, ಆದರೆ ಸಮನಾಗಿ ಏರುವುದಿಲ್ಲ. ಮೊದಲ ಗಂಟೆಯಲ್ಲಿ 20 ಸೆಂ.ಮೀ., ಎರಡನೆಯದರಲ್ಲಿ 40, ಮೂರನೆಯದರಲ್ಲಿ 60. ಮೊದಲ ಗಂಟೆ ಕಡಲು ನಿಂತಂತೆಯೇ ಕಾಣುತ್ತದೆ, ‘ಇನ್ನೂ ಹೊತ್ತಿದೆ’ ಅನ್ನಿಸುತ್ತದೆ. ಮೂರನೆಯ ಗಂಟೆ ಮುಗಿಯುವಷ್ಟರಲ್ಲಿ ಮೊಣಕಾಲಿನ ನೀರು ಕುತ್ತಿಗೆಯನ್ನೂ ದಾಟಿರುತ್ತದೆ. ಹಾಗಾಗಿ ಫೋನಿನಲ್ಲಿ ಅಲಾರಂ ಇಟ್ಟು, ದಡದಲ್ಲಿ ಕೂತವರ ಕೈಗೆ ಕೊಟ್ಟಿರುತ್ತೇನೆ. ಅಲಾರಂಗಿಂತ ಮೊದಲೇ ಅಲೆ ಬಂಡೆಯ ಬೆನ್ನು ಹತ್ತಿ ಕೊಳದೊಳಗೆ ಚೆಲ್ಲಲು ಶುರುವಾದರೆ ಅದೇ ಅಲಾರಂ. ಆಗ್ನೇಯ ಗಾಳಿ ಜೋರಾಗಿರುವ ದಿನ ಹೀಗೆ ಆಗುವುದು ಮಾಮೂಲು. ಕೋಷ್ಟಕ ಗಾಳಿಯ ಲೆಕ್ಕ ಇಡುವುದಿಲ್ಲ.

ಇದೇ ಹುಣ್ಣಿಮೆ, ಅಮಾವಾಸ್ಯೆಗೆ ಇನ್ನೊಂದು ಮುಖವೂ ಇದೆ. ಬೆಳಿಗ್ಗೆ ಅತಿ ಕೆಳಗೆ ಹೋದ ನೀರು ಸಂಜೆ ಅತಿ ಮೇಲಕ್ಕೆ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಅತ್ಯಂತ ಒಳ್ಳೆಯದಾಗಿದ್ದ ದಿನವೇ ಸಂಜೆ ನಾಲ್ಕಕ್ಕೆ ಅತ್ಯಂತ ಕೆಟ್ಟದ್ದು. ಊಟ ಮಾಡಿ ಬಂದು ಇನ್ನೊಂದು ಮುಳುಗು ಹಾಕುವ ಯೋಚನೆ ಇಲ್ಲಿ ಬೇಡವೇ ಬೇಡ.

ಇನ್ನು ಜಾಗ. ಬಂಡೆ ತೀರದ ಉದ್ದಕ್ಕೂ ಒಂದೇ ಸಮ ಇಲ್ಲ, ನಡುನಡುವೆ ಕಿಂಡಿಗಳಿವೆ. ಚರ್ಚ್ ಇರುವ ಬೋವಾ ವಿಯಾಜೆಂ ಚೌಕ, ಅಕಾಯಾಕಾ ಕಟ್ಟಡದ ಆಸುಪಾಸು ಜನ ಹೆಚ್ಚು ಸೇರುತ್ತಾರೆ, ಇಳಿತದಲ್ಲಿ ಕೊಳಗಳು ಕಾಣುತ್ತವೆ. ನಾನು ಆರಿಸಿಕೊಳ್ಳುವುದು ಮೂರೂ ಒಟ್ಟಿಗೆ ಇರುವ ಜಾಗ: ಎದುರಿಗೆ ಕಿಂಡಿಯಿಲ್ಲದ ಬಂಡೆ, ಕೂಗಿದರೆ ಕೇಳುವಷ್ಟು ಹತ್ತಿರ ಅಗ್ನಿಶಾಮಕ ದಳದ ಜೀವರಕ್ಷಕರು, ನೀರಿನಲ್ಲಿ ಆಗಲೇ ಇರುವ ಸ್ಥಳೀಯರು. ಬೆಳಿಗ್ಗೆ ಮರಳಿನ ಮೇಲಿನಿಂದ ಕಿಂಡಿ ಪತ್ತೆ ಮಾಡುವುದು ಕಷ್ಟವಲ್ಲ. ಬಿಳಿ ನೊರೆಯ ಸಾಲು ಎಲ್ಲಿ ತುಂಡಾಗಿ ನೀರು ಗಾಢ ಬಣ್ಣಕ್ಕೆ ತಿರುಗಿದೆಯೋ ಅಲ್ಲಿ ಕಿಂಡಿ. ಒಳಗಿನ ನೀರೆಲ್ಲ ಹೊರಕ್ಕೆ ಹರಿಯುವುದು ಅಲ್ಲಿಂದಲೇ, ಆದ್ದರಿಂದ ಸೆಳೆತವೂ ಅಲ್ಲೇ. ಅದರ ಎರಡೂ ಬದಿ ಕನಿಷ್ಠ ನೂರು ಹೆಜ್ಜೆ ಬಿಡುತ್ತೇನೆ. ಸೆಳೆತಕ್ಕೆ ಸಿಕ್ಕಿದವರು ದಡದ ಕಡೆ ನೇರ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬರಬೇಕು, ಕೈ ಎತ್ತಿ ‘ಸೊಕೋಹು’ (ಕಾಪಾಡಿ) ಎಂದು ಕೂಗಬೇಕು.

ದಕ್ಷಿಣಕ್ಕೆ ನಡೆಯುತ್ತ ಹೋದರೆ ಪಿಯೆದಾಜಿ ತೀರ ಬರುತ್ತದೆ. ಅದು ಪಕ್ಕದ ನಗರಸಭೆಗೆ ಸೇರಿದ್ದು. ಅಲ್ಲಿನ ಸಣ್ಣ ಚರ್ಚಿನ ಎದುರು ದಾಳಿಗಳು ಪದೇಪದೇ ಆಗಿವೆ, 2023ರ ಮಾರ್ಚಿನಲ್ಲಿ ಎರಡು ದಿನದಲ್ಲಿ ಎರಡು. ಆ ಭಾಗದಲ್ಲಿ ಸ್ನಾನಕ್ಕೇ ನಿಷೇಧವಿದೆ. ಕೆಂಪು ಬಾವುಟ, ಶಾರ್ಕ್ ಚಿತ್ರದ ಫಲಕ ಕಂಡ ಕಡೆ ಪಾದ ತೋಯಿಸುವುದಕ್ಕೂ ನಾನು ಇಳಿಯುವುದಿಲ್ಲ. ಬೋವಾ ವಿಯಾಜೆಂನ ದಕ್ಷಿಣ ತುದಿಯಲ್ಲಿ ಕೊರೆತ ತಡೆಯಲು ಕಲ್ಲು ಸುರಿದಿದ್ದಾರೆ. ಉಬ್ಬರದಲ್ಲಿ ಅಲ್ಲಿ ಮರಳೇ ಉಳಿಯುವುದಿಲ್ಲ, ಅಲೆ ಕಲ್ಲಿಗೇ ಬಡಿಯುತ್ತದೆ. ಆ ಕಲ್ಲುಗಳ ಮೇಲೆ ನಿಂತು ಫೋಟೋ ತೆಗೆಯುವ ಹುಚ್ಚು ಬೇಡ.

ನೀರಿನೊಳಗೆ ನಿಯಮ ಕೆಲವೇ. ಸೊಂಟಕ್ಕಿಂತ ಮೇಲಿನ ನೀರಿಗೆ ಹೋಗುವುದಿಲ್ಲ. ಬಂಡೆಯ ಆಚೆ ಬದಿಗೆ ಹೋಗುವುದಿಲ್ಲ. ಒಬ್ಬೊಬ್ಬರೇ ಇಳಿಯುವುದಿಲ್ಲ. ಕುಡಿದು ಇಳಿಯುವುದಂತೂ ಇಲ್ಲವೇ ಇಲ್ಲ. ಗಾಯವಿದ್ದರೆ, ರಕ್ತ ಒಸರುತ್ತಿದ್ದರೆ ದಡದಲ್ಲೇ. ಮಕ್ಕಳು ಕೈಗೆ ಎಟುಕುವಷ್ಟು ಹತ್ತಿರ ಇರಬೇಕು. ಹೊಳೆಯುವ ಒಡವೆ ತೆಗೆದಿಡಬೇಕು. ನಮ್ಮ ಹೆಂಗಸರ ಕಾಲ್ಗೆಜ್ಜೆ, ಸರ ನೀರಿನಲ್ಲಿ ಮೀನಿನ ಹೊಟ್ಟೆಯಂತೆ ಮಿರುಗುತ್ತವೆ, ದಡದಲ್ಲಿ ಕಳ್ಳರ ಕಣ್ಣಿಗೂ ಬೀಳುತ್ತವೆ. ಹೋಟೆಲಿನ ತಿಜೋರಿಯಲ್ಲಿ ಬಿಟ್ಟು ಬರುವುದೇ ಸರಿ.

ನೀರಿನ ಬಣ್ಣಕ್ಕೂ ಒಂದು ಪರೀಕ್ಷೆ ಇದೆ. ಮೊಣಕಾಲಿನ ನೀರಿನಲ್ಲಿ ನಿಂತಾಗ ನನ್ನ ಕಾಲ್ಬೆರಳು ನನಗೆ ಕಾಣಬೇಕು. ಕಾಣದಿದ್ದರೆ ಕೋಷ್ಟಕದಲ್ಲಿ 0.0 ಇದ್ದರೂ ವಾಪಸ್. ಏಪ್ರಿಲ್‌ನಿಂದ ಜುಲೈ, ಆಗಸ್ಟ್‌ವರೆಗೆ ಅಲ್ಲಿ ಮಳೆಗಾಲ, ನದಿಗಳು ಕೆಸರು ತಂದು ಸುರಿಯುತ್ತವೆ. ಜೋರು ಮಳೆಯಾದ ಎರಡು ಮೂರು ದಿನ ಚರಂಡಿ ನೀರಿನ ಕೊಳಕೂ ಸೇರಿರುತ್ತದೆ. ಅಕ್ಟೋಬರ್‌ನಿಂದ ಜನವರಿ ಒಣ ತಿಂಗಳು. ಆಗ ಹೋಗುವುದೇ ನನ್ನ ಆಯ್ಕೆ.

ಶಾರ್ಕ್ ಭಯದಲ್ಲಿ ಸಣ್ಣ ತೊಂದರೆಗಳನ್ನು ಮರೆಯುವವರೇ ಹೆಚ್ಚು, ನಿಜವಾಗಿ ಕಾಡುವುದು ಅವೇ. ಬಂಡೆಯ ಮೇಲೆ ಪಾಚಿ ಜಾರುತ್ತದೆ, ಸಂದಿಗಳಲ್ಲಿ ಮುಳ್ಳಿನ ಕಡಲ ಅರ್ಚಿನ್ ಇರುತ್ತದೆ. ರಬ್ಬರ್ ಅಟ್ಟೆಯ, ಹಿಮ್ಮಡಿ ಮುಚ್ಚುವ ನೀರಿನ ಶೂ ಕಡ್ಡಾಯ. ಹವಾಯಿ ಚಪ್ಪಲಿ ಕೊಳದಲ್ಲೇ ಕಳಚಿಹೋಗುತ್ತದೆ. ಮುಳ್ಳು ಚುಚ್ಚಿದರೆ ಬಗೆದು ತೆಗೆಯಲು ಹೋಗಬೇಡಿ, ಒಳಗೇ ಮುರಿಯುತ್ತದೆ. ಸುಡದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಪಾದ ಇಟ್ಟರೆ ನೋವು ಇಳಿಯುತ್ತದೆ, ಆಮೇಲೆ ವೈದ್ಯರು. ನೀಲಿ-ನೇರಳೆ ಬಲೂನಿನಂತೆ ತೇಲುವ ‘ಕರವೇಲಾ’ ಎಂಬ ಜೆಲ್ಲಿಮೀನಿನಂಥ ಜೀವಿ ಮರಳಿನ ಮೇಲೆ ಸತ್ತು ಬಿದ್ದಿದ್ದರೂ ಕುಟುಕುತ್ತದೆ. ಅದು ತಾಗಿದ ಜಾಗಕ್ಕೆ ಸಿಹಿನೀರು ಹಾಕಿದರೆ ಉರಿ ಹೆಚ್ಚುತ್ತದೆ. ಕಡಲ ನೀರಿನಲ್ಲೇ ತೊಳೆದು ವಿನೆಗರ್ ಸುರಿಯಬೇಕು. ಕಾಲು ಲೀಟರ್ ವಿನೆಗರ್ ನನ್ನ ಚೀಲದಲ್ಲಿ ಇದ್ದೇ ಇರುತ್ತದೆ. ಬಿಸಿಲು ಎಂಟು ಡಿಗ್ರಿ ಅಕ್ಷಾಂಶದ್ದು, ಗಾಳಿ ತಂಪಾಗಿರುವುದರಿಂದ ಸುಟ್ಟದ್ದೇ ತಿಳಿಯುವುದಿಲ್ಲ. ಸನ್‌ಸ್ಕ್ರೀನಿಗಿಂತ ಉದ್ದ ತೋಳಿನ ಈಜು ಅಂಗಿಯನ್ನೇ ನಾನು ನೆಚ್ಚುವುದು.

ಕುರ್ಚಿ, ಕೊಡೆ ಬಾಡಿಗೆಗೆ ಕೊಡುವವರನ್ನು ಕೂರುವ ಮೊದಲೇ ದರ ಕೇಳಿ. ಅವರನ್ನೇ ‘ಮರೇ ಸೇಕಾ’ ಎಷ್ಟು ಹೊತ್ತಿಗೆ ಎಂದೂ ಕೇಳಿ. ಅಲ್ಲಿನ ಮಾತಿನಲ್ಲಿ ‘ಸೇಕಾ’ ಎಂದರೆ ಒಣಗಿದ್ದು, ‘ಮರೇ ಸೇಕಾ’ ಅಂದರೆ ಇಳಿತ. ಅವರ ಉತ್ತರ ನಿಮ್ಮ ಲೆಕ್ಕಕ್ಕೆ ಹೊಂದದಿದ್ದರೆ ಲೆಕ್ಕವನ್ನು ಮತ್ತೆ ನೋಡಿ. ಪಾಸ್‌ಪೋರ್ಟಿನ ನಕಲು, ಆ ದಿನಕ್ಕೆ ಬೇಕಾದಷ್ಟೇ ದುಡ್ಡು, ಇಷ್ಟು ಸಾಕು. ಭಾರತದಿಂದ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲಾದರೂ ಹಾಕಿಸಿಕೊಂಡು ಕಾರ್ಡ್ ಜೊತೆಗಿಟ್ಟುಕೊಳ್ಳಬೇಕು. ಬ್ರೆಜಿಲ್‌ನಿಂದ ಮರಳುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಅದನ್ನು ಕೇಳುತ್ತಾರೆ.

ಫೋನಿನಲ್ಲಿ ಎರಡು ಸಂಖ್ಯೆ ಮೊದಲೇ ಬರೆದಿಡಿ: 193 ಅಗ್ನಿಶಾಮಕ ದಳ, 192 ಆಂಬುಲೆನ್ಸ್. ಯಾರಿಗಾದರೂ ಕಚ್ಚಿದ್ದು ಕಂಡರೆ ಜೀವ ಉಳಿಸುವುದು ರಕ್ತ ನಿಲ್ಲಿಸುವ ಮೊದಲ ಕೆಲವು ನಿಮಿಷ. ನೀರಿನಿಂದ ಎಳೆದು ತಂದು ಮಲಗಿಸಿ, ಟವೆಲ್ ಮಡಚಿ ಗಾಯದ ಮೇಲೆ ಮೈಭಾರ ಹಾಕಿ ಒತ್ತಿಹಿಡಿಯಬೇಕು. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ ಮೂರು ನಾಲ್ಕು ಬೆರಳು ಮೇಲೆ, ಕೀಲಿನ ಮೇಲೆ ಬಾರದಂತೆ, ಅಗಲ ಬಟ್ಟೆಯನ್ನು ಕಡ್ಡಿ ಸೇರಿಸಿ ತಿರುವಿ ಬಿಗಿಯಬೇಕು. ಬಿಗಿದ ಹೊತ್ತನ್ನು ಬರೆದಿಟ್ಟು, ಬಂದ ಸಿಬ್ಬಂದಿಗೆ ಹೇಳಬೇಕು. ಹೇಗಿದೆ ನೋಡೋಣ ಎಂದು ನಡುವೆ ಅದನ್ನು ಸಡಿಲಿಸಬಾರದು.