ಅಪಘಾತ ಪರಿಹಾರದ ಮೇಲ್ಮನವಿ: ವೈದ್ಯರ ಸಾಕ್ಷ್ಯವನ್ನು ನಾನು ಓದುವ ಬಗೆ

ಹೈಕೋರ್ಟಿನ ಧಾರವಾಡ ಪೀಠದಲ್ಲಿ ನಾನು ನಡೆಸುವ ಪ್ರಕರಣಗಳಲ್ಲಿ ದೊಡ್ಡ ಪಾಲು ಎಂ.ಎಫ್.ಎ.ಗಳದ್ದು (ಮಿಸಲೇನಿಯಸ್ ಫಸ್ಟ್ ಅಪೀಲ್, ಅಂದರೆ ಸಂಕೀರ್ಣ ಪ್ರಥಮ ಮೇಲ್ಮನವಿ). ಅವುಗಳಲ್ಲಿಯೂ ಹೆಚ್ಚಿನವು ರಸ್ತೆ ಅಪಘಾತದಲ್ಲಿ ಗಾಯಗೊಂಡವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಕೊಟ್ಟ ಮೊತ್ತ ಸಾಲದೆಂದು ಹಾಕುವ ಮೇಲ್ಮನವಿಗಳು. ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಬಳ್ಳಾರಿ, ಉತ್ತರ ಕನ್ನಡ ಜಿಲ್ಲೆಗಳಿಂದ ಕಡತಗಳು ಅಲ್ಲಿಯ ವಕೀಲ ಮಿತ್ರರ ಮೂಲಕ ಬರುತ್ತವೆ, ಮತ್ತು ಪ್ರತಿ ಕಡತದ ಬೆನ್ನಿಗೇ "ಎಷ್ಟು ಹೆಚ್ಚಾಗಬಹುದು?" ಎಂಬ ಪ್ರಶ್ನೆಯೂ ಬರುತ್ತದೆ. ವೈದ್ಯರ ಸಾಕ್ಷ್ಯವನ್ನು ಪೂರ್ತಿ ಓದದೆ ಆ ಪ್ರಶ್ನೆಗೆ ಉತ್ತರ ಕೊಡಬಾರದೆಂಬ ನಿಯಮವನ್ನು ನಾನು ಪಾಲಿಸುತ್ತ ಬಂದಿದ್ದೇನೆ. ಅದಕ್ಕೆ ಕಾರಣವೇನೆಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಸಾಕ್ಷ್ಯಕ್ಕೂ ಮೊದಲು ನೋಡಬೇಕಾದದ್ದು ದಿನಾಂಕ. ಮೋಟಾರು ವಾಹನ ಕಾಯ್ದೆ, 1988ರ 173ನೇ ಕಲಮಿನಂತೆ ತೀರ್ಪಿನ ದಿನದಿಂದ 90 ದಿನಗಳೊಳಗೆ ಮೇಲ್ಮನವಿ ದಾಖಲಾಗಬೇಕು. ತೀರ್ಪಿನ ಪ್ರಮಾಣಿತ ನಕಲಿನ ಮೇಲೆ ನಕಲು ವಿಭಾಗದವರು ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ಮತ್ತು ಅದನ್ನು ಕೊಟ್ಟ ದಿನ ಇವೆಲ್ಲವನ್ನೂ ಮೊಹರು ಒತ್ತಿ ಬರೆದಿರುತ್ತಾರೆ. ನಕಲು ತಯಾರಾಗಲು ಹಿಡಿದ ಕಾಲ 90 ದಿನಗಳ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ಆ ಮೊಹರನ್ನು ಓದಿದ ಮೇಲೆಯೇ ನಾನು ಅವಧಿಯನ್ನು ಎಣಿಸುತ್ತೇನೆ. ಅವಧಿ ಮೀರಿದ್ದರೆ ವಿಳಂಬ ಮನ್ನಾ ಅರ್ಜಿಯನ್ನು ಅಫಿಡವಿಟ್‌ನೊಂದಿಗೆ ಸಲ್ಲಿಸಬೇಕಾಗುತ್ತದೆ. ಕಾಲು ಮುರಿದುಕೊಂಡು ಮಲಗಿದ್ದವನು ತಡವಾಗಿ ಬಂದದ್ದನ್ನು ನ್ಯಾಯಾಲಯ ಸಾಮಾನ್ಯವಾಗಿ ಕಠಿಣವಾಗಿ ನೋಡುವುದಿಲ್ಲ. ಆದರೆ ವಿಳಂಬವನ್ನು ಮನ್ನಿಸುವಾಗ ಹೆಚ್ಚುವರಿ ಮೊತ್ತಕ್ಕೆ ಆ ಅವಧಿಯ ಬಡ್ಡಿ ಸಿಗುವುದಿಲ್ಲವೆಂಬ ಷರತ್ತನ್ನು ನಮ್ಮ ಹೈಕೋರ್ಟು ಬಹುತೇಕ ಪ್ರಕರಣಗಳಲ್ಲಿ ವಿಧಿಸುತ್ತದೆ. ಎರಡು ವರ್ಷ ತಡಮಾಡಿದವನಿಗೆ ಇದು ಸಣ್ಣ ನಷ್ಟವಲ್ಲ. ಈ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಮೇಲ್ಮನವಿಗೆ ಸಂಬಂಧಿಸಿದ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ವಿವಾದದ ಮೊತ್ತ 1 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಮೇಲ್ಮನವಿಗೇ ಅವಕಾಶವಿಲ್ಲ ಎಂಬುದನ್ನೂ ನೆನಪಿಡಬೇಕು. ಮೊದಲು ಈ ಮಿತಿ 10,000 ರೂಪಾಯಿ ಇತ್ತು.

ಇಷ್ಟಾದ ಮೇಲೆ ತೀರ್ಪನ್ನು ನಾನು ಕೊನೆಯಿಂದ ಓದುತ್ತೇನೆ. ನೋವು ಮತ್ತು ಯಾತನೆ, ವೈದ್ಯಕೀಯ ವೆಚ್ಚ, ಚಿಕಿತ್ಸೆಯ ಅವಧಿಯಲ್ಲಿ ಕಳೆದುಕೊಂಡ ಆದಾಯ, ಆಹಾರ, ಓಡಾಟ, ಆರೈಕೆ, ಜೀವನ ಸೌಕರ್ಯಗಳ ನಷ್ಟ, ಮುಂದಿನ ಆದಾಯದ ನಷ್ಟ ಎಂಬ ಶೀರ್ಷಿಕೆಗಳ ಪಟ್ಟಿ ಅಲ್ಲಿರುತ್ತದೆ. ನೋವು ಮತ್ತು ಯಾತನೆಗೆ 30,000 ಕೊಟ್ಟದ್ದನ್ನು 50,000 ಮಾಡಿಸುವುದಕ್ಕೆ ಹೆಚ್ಚು ವಾದ ಬೇಕಾಗುವುದಿಲ್ಲ, ಅದರಿಂದ ಕಕ್ಷಿದಾರನ ಬದುಕು ಬದಲಾಗುವುದೂ ಇಲ್ಲ. ಮೊತ್ತ ನಿಜವಾಗಿ ಹಿಗ್ಗುವುದು ಅಥವಾ ಕುಗ್ಗುವುದು ಮುಂದಿನ ಆದಾಯದ ನಷ್ಟವೆಂಬ ಒಂದೇ ಶೀರ್ಷಿಕೆಯಲ್ಲಿ. ಅದು ವರ್ಷದ ಆದಾಯ (ತಿಂಗಳ ಆದಾಯದ 12 ಪಟ್ಟು), ವಯಸ್ಸಿಗೆ ತಕ್ಕ ಗುಣಕ (ಎಷ್ಟು ವರ್ಷದ ಆದಾಯವನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ಅಂಕಿ), ಅಂಗವೈಕಲ್ಯದ ಶೇಕಡಾವಾರು ಎಂಬ ಮೂರು ಅಂಕಿಗಳ ಗುಣಾಕಾರ. ಗುಣಕವನ್ನು 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೋಷ್ಟಕದಂತೆ ನಿಗದಿ ಮಾಡಿದೆ: 26ರಿಂದ 30 ವರ್ಷದವರಿಗೆ 17, 36ರಿಂದ 40ರವರಿಗೆ 15, 46ರಿಂದ 50ರವರಿಗೆ 13. ವಯಸ್ಸಿನ ದಾಖಲೆ ಸರಿಯಿದ್ದರೆ ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಉಳಿದ ಎರಡರಲ್ಲಿ ಶೇಕಡಾವಾರೇ ನಮ್ಮ ಕೆಲಸದ ತಿರುಳು.

ಇದನ್ನು ಒಂದು ಪ್ರಕರಣದ ಮೂಲಕವೇ ಹೇಳುವುದು ಸೂಕ್ತ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಪ್ರಾಂಗಣದಲ್ಲಿ ಹಮಾಲಿ ಮಾಡುತ್ತಿದ್ದ, 38ರ ವಯಸ್ಸಿನವರೊಬ್ಬರಿಗೆ ಸರಕು ವಾಹನ ಡಿಕ್ಕಿ ಹೊಡೆದು ಬಲ ತೋಳಿನ ಮೇಲ್ಭಾಗದ ಎಲುಬು ಮತ್ತು ಕೊರಳೆಲುಬು ಮುರಿದಿದ್ದವು. ಶಸ್ತ್ರಚಿಕಿತ್ಸೆಯಾಗಿ ಪ್ಲೇಟು ಹಾಕಿದ್ದರು. ಮೂಳೆ ತಜ್ಞರು ಬಲಗೈಗೆ ಶೇ. 36ರಷ್ಟು ಅಂಗವೈಕಲ್ಯವೆಂದು ಪ್ರಮಾಣಪತ್ರ ಕೊಟ್ಟಿದ್ದರು. ನಮ್ಮಲ್ಲಿ ಕೈಯ ಅಥವಾ ಕಾಲಿನ ಅಂಗವೈಕಲ್ಯದ ಮೂರನೆಯ ಒಂದು ಭಾಗವನ್ನು ಇಡೀ ದೇಹದ ಅಂಗವೈಕಲ್ಯವೆಂದು ತೆಗೆದುಕೊಳ್ಳುವ ರೂಢಿ ಗಟ್ಟಿಯಾಗಿ ಬೇರೂರಿದೆ. ನ್ಯಾಯಮಂಡಳಿಯೂ ಹಾಗೆಯೇ ಶೇ. 12 ಎಂದು ಹಿಡಿದು, ತಿಂಗಳಿಗೆ 8,000 ರೂಪಾಯಿ ಆದಾಯದ ಮೇಲೆ 1,72,800 ರೂಪಾಯಿ ಕೊಟ್ಟಿತ್ತು. ಕಾರಣವೆಂದು ತೀರ್ಪಿನಲ್ಲಿ ಎತ್ತಿ ಬರೆದದ್ದು ವೈದ್ಯರ ಪಾಟೀ ಸವಾಲಿನ (ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು) ಒಂದೇ ಸಾಲು: "ಅರ್ಜಿದಾರನು ತನ್ನ ದೈನಂದಿನ ಕೆಲಸಗಳನ್ನು ತಾನೇ ಮಾಡಿಕೊಳ್ಳಬಲ್ಲನು ಎಂದರೆ ಸರಿ."

ಈ ಸಾಲು ಹೆಚ್ಚುಕಡಿಮೆ ಪ್ರತಿ ಕಡತದಲ್ಲಿಯೂ ಇರುತ್ತದೆ. ವಿಮಾ ಕಂಪನಿಯ ವಕೀಲರು ಕೇಳುವುದು ಇದನ್ನೇ, ವೈದ್ಯರು ಪ್ರಾಮಾಣಿಕವಾಗಿ ಒಪ್ಪುವುದೂ ಇದನ್ನೇ, ಏಕೆಂದರೆ ಅದು ನಿಜ. ಕಚೇರಿಗೆ ಬಂದಾಗ ಆ ಹಮಾಲರನ್ನು ಕೇಳಿದೆ. ಅವರೂ ಅದನ್ನು ಅಲ್ಲಗಳೆಯಲಿಲ್ಲ. "ಸಾಹೇಬ್ರ, ಊಟಾ ಮಾಡಾಕ ಕೈ ಬರ್ತೈತ್ರಿ, ಚೀಲಾ ಎತ್ತಾಕ ಬರೂದಿಲ್ರಿ" ಎಂದರು. ಮೇಲ್ಮನವಿಯ ಆಧಾರಗಳನ್ನು ಬರೆಯುವಾಗ ಈ ಮಾತನ್ನು ಸಾಕ್ಷ್ಯವಾಗಿ ಬಳಸಲು ಬರುವುದಿಲ್ಲ, ದಾಖಲೆಯಲ್ಲಿ ಅದಕ್ಕೆ ಸಮನಾದದ್ದು ಇರಬೇಕು. ಮುಖ್ಯ ವಿಚಾರಣೆಯ ಅಫಿಡವಿಟ್‌ನಲ್ಲಿ ವೈದ್ಯರು ಭುಜವನ್ನು 90 ಡಿಗ್ರಿಗಿಂತ ಮೇಲೆ ಎತ್ತಲಾಗುವುದಿಲ್ಲವೆಂದೂ ಹಿಡಿತದ ಬಲ ಕುಗ್ಗಿದೆಯೆಂದೂ ಹೇಳಿದ್ದರು. ಪಾಟೀ ಸವಾಲಿನಲ್ಲಿ ಈ ಎರಡು ಸಂಗತಿಗಳನ್ನು ಯಾರೂ ಪ್ರಶ್ನಿಸಿರಲಿಲ್ಲ. ಅವರು ಪರವಾನಗಿ ಪಡೆದ ಹಮಾಲರೆಂಬುದಕ್ಕೆ ಮಾರುಕಟ್ಟೆ ಸಮಿತಿ ಕೊಟ್ಟ ಗುರುತಿನ ಚೀಟಿಯೂ ನಿ.ಪಿ. ಸಂಖ್ಯೆಯೊಂದಿಗೆ (ಅರ್ಜಿದಾರರ ಪರ ಹಾಜರಾದ ದಾಖಲೆಯ ಗುರುತು) ಕಡತದಲ್ಲಿತ್ತು, ಆದರೆ ತೀರ್ಪಿನ ಚರ್ಚೆಯಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ. ಚೀಲವನ್ನು ಬೆನ್ನಿಗೇರಿಸಿಕೊಳ್ಳುವವನು ಅದರ ಮೇಲಿನ ಮೂಲೆಯನ್ನು ಹಿಡಿಯಲು ಕೈಯನ್ನು ತಲೆಗಿಂತ ಮೇಲಕ್ಕೆ ಒಯ್ಯಲೇಬೇಕು. ಆದ್ದರಿಂದ 90 ಡಿಗ್ರಿಗೆ ನಿಂತುಹೋದ ಭುಜವೆಂದರೆ ಆ ಕೆಲಸಕ್ಕೆ ಬಾರದ ಭುಜ. ವಾದದ ದಿನ ನಾನು ಹೇಳಿದ್ದು ಇದನ್ನೇ, ಮತ್ತು ಗುರುತಿನ ಚೀಟಿಯ ಪುಟವನ್ನೂ ವೈದ್ಯರ ಅಫಿಡವಿಟ್‌ನ ಆ ಕಂಡಿಕೆಯನ್ನೂ ಒಂದರ ಪಕ್ಕ ಒಂದಿಟ್ಟು ತೋರಿಸಿದೆ.

ಈ ವಾದಕ್ಕೆ ಬೆನ್ನೆಲುಬಾಗಿ ನಿಲ್ಲುವುದು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಕೊಟ್ಟ ತೀರ್ಪು. ಅಂಗದ ವೈಕಲ್ಯ ಬೇರೆ, ಇಡೀ ದೇಹದ ವೈಕಲ್ಯ ಬೇರೆ, ದುಡಿಯುವ ಶಕ್ತಿಯ ನಷ್ಟವೇ ಬೇರೆ ಎಂದು ಅದು ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ನಷ್ಟ ಹೆಚ್ಚುಕಡಿಮೆ ಪೂರ್ತಿ ನೂರಾಗಬಹುದು, ಸರ್ಕಾರಿ ಗುಮಾಸ್ತನಾಗಿದ್ದರೆ ಅದೇ ಗಾಯದಿಂದ ಸಂಬಳಕ್ಕೆ ಧಕ್ಕೆಯೇ ಬರದಿರಬಹುದು ಎಂಬ ಉದಾಹರಣೆ ಅದರಲ್ಲಿಯೇ ಇದೆ. ಅದೇ ತೀರ್ಪು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದೆ: ಚಿಕಿತ್ಸೆ ಕೊಡದೆ ಪ್ರಮಾಣಪತ್ರ ಮಾತ್ರ ಕೊಡಲು ಬರುವ ವೈದ್ಯರ ಮಾತನ್ನು ನ್ಯಾಯಮಂಡಳಿಗಳು ಹುಷಾರಾಗಿ ತೂಗಬೇಕು. ಶೇ. 60, ಶೇ. 70 ಎಂದು ಉದಾರವಾಗಿ ಬರೆದ ಪ್ರಮಾಣಪತ್ರ ಕಡತದಲ್ಲಿ ಕಂಡರೆ ನನಗೆ ಸಂತೋಷಕ್ಕಿಂತ ಆತಂಕವೇ ಹೆಚ್ಚು. ಅಂಥ ವೈದ್ಯರ ಸಾಕ್ಷ್ಯವನ್ನು ನ್ಯಾಯಾಲಯ ನಂಬದೆ ಹೋದರೆ ಅದರೊಳಗಿನ ನಿಜವಾದ ಅಂಶವೂ ಕೊಚ್ಚಿಹೋಗುತ್ತದೆ. ಚಿಕಿತ್ಸೆ ಮಾಡಿದ ವೈದ್ಯರೇ ಬಂದು ಶೇ. 30 ಎಂದು ಹೇಳಿದ ಕಡತ ನನ್ನ ಕೈಯಲ್ಲಿ ಹೆಚ್ಚು ಗಟ್ಟಿ.

ಹಮಾಲರ ಪ್ರಕರಣದಲ್ಲಿ ಹೈಕೋರ್ಟು ದುಡಿಮೆಯ ನಷ್ಟವನ್ನು ಶೇ. 25ಕ್ಕೆ ಏರಿಸಿತು. ಆದಾಯವನ್ನು 10,000 ರೂಪಾಯಿ ಎಂದು ಹಿಡಿದಾಗ ಈ ಶೀರ್ಷಿಕೆಯ ಮೊತ್ತ 4,50,000 ಆಯಿತು. ಲೆಕ್ಕವನ್ನು ಬಿಡಿಸಿ ನೋಡಿದರೆ, ಹೆಚ್ಚಾದ 2,77,200ರಲ್ಲಿ ಆದಾಯವನ್ನು ತಿದ್ದಿದ್ದರಿಂದ ಬಂದದ್ದು 43,200 ಮಾತ್ರ. ಉಳಿದ 2,34,000 ಬಂದದ್ದು ಶೇಕಡಾವಾರು ಬದಲಾದದ್ದರಿಂದ. ಆದಾಯದ ಬಗ್ಗೆ ಪುಟಗಟ್ಟಲೆ ಬರೆದು ಅಂಗವೈಕಲ್ಯಕ್ಕೆ ಎರಡು ಸಾಲು ಮೀಸಲಿಡುವ ಮೇಲ್ಮನವಿಗಳನ್ನು ನೋಡಿದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಹಾಗೆಂದು ಆದಾಯವನ್ನು ಬಿಡುವಂತಿಲ್ಲ. ಸಂಬಳದ ಚೀಟಿಯಿಲ್ಲದ ಕೂಲಿಕಾರರು, ರೈತರು, ಗಾರೆ ಕೆಲಸದವರು ನಮ್ಮ ಕಕ್ಷಿದಾರರಲ್ಲಿ ಬಹುಸಂಖ್ಯಾತರು. ಅವರಿಗೆ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗಳಿಗಾಗಿ ಸಿದ್ಧಪಡಿಸಿದ ಕಾಲ್ಪನಿಕ ಆದಾಯದ ಪಟ್ಟಿಯನ್ನು ಹೈಕೋರ್ಟು ಆಧಾರವಾಗಿ ಬಳಸುತ್ತದೆ. ಅದು ಅಪಘಾತ ನಡೆದ ವರ್ಷದ ಮೇಲೆ ನಿಂತ ಪಟ್ಟಿ. ತೀರ್ಪಿನ ವರ್ಷವನ್ನಾಗಲಿ ಅರ್ಜಿ ಹಾಕಿದ ವರ್ಷವನ್ನಾಗಲಿ ಅದಕ್ಕೆ ಹೊಂದಿಸಲು ಬರುವುದಿಲ್ಲ. ಪಟ್ಟಿಗಿಂತ ಹೆಚ್ಚಿನ ಆದಾಯ ಕೇಳಬೇಕಾದರೆ ಬ್ಯಾಂಕ್ ಪಾಸ್‌ಬುಕ್, ಹಾಲಿನ ಡೈರಿಯ ಲೆಕ್ಕದ ಪುಸ್ತಕ, ಪಹಣಿ, ಗುತ್ತಿಗೆದಾರರ ಸಾಕ್ಷ್ಯ ಹೀಗೆ ಏನಾದರೊಂದು ನ್ಯಾಯಮಂಡಳಿಯ ದಾಖಲೆಯಲ್ಲಿರಬೇಕು. ಭವಿಷ್ಯದ ಆದಾಯ ವೃದ್ಧಿಯನ್ನು ಸೇರಿಸುವ ವಿಚಾರದಲ್ಲಿ, ಸ್ವಂತ ದುಡಿಮೆಯ 40ರೊಳಗಿನವರಿಗೆ ಶೇ. 40 ಎಂಬ 2017ರ ಪ್ರಣಯ್ ಸೇಠಿ ತೀರ್ಪಿನ ಸೂತ್ರ ಗಾಯದ ಪ್ರಕರಣಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2020ರ ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ ಹೇಳಿದೆ. ಕೈಕಾಲು ಕತ್ತರಿಸಿದಂಥ ತೀವ್ರ ಪ್ರಕರಣಗಳಲ್ಲಿ ಅದನ್ನು ಸೇರಿಸಲು ಪೀಠಗಳು ಹಿಂಜರಿಯುವುದಿಲ್ಲ. ಶೇಕಡಾವಾರು ಸಣ್ಣದಿದ್ದಲ್ಲಿ ಮಾತ್ರ ಒಪ್ಪಿಸುವುದು ಕಷ್ಟ. ಹಮಾಲರಿಗೂ ಅದು ಸಿಗಲಿಲ್ಲ.

ಅರ್ಜಿಯಲ್ಲಿ ಕೇಳಿದ್ದೇ 5 ಲಕ್ಷ, ಈಗ ಅದಕ್ಕಿಂತ ಹೆಚ್ಚು ಕೇಳಬಹುದೇ ಎಂಬ ಸಂದೇಹ ಹಲವರಿಗಿದೆ. ಕೇಳಿದ ಮೊತ್ತವೇ ಮಿತಿಯಲ್ಲ, ನ್ಯಾಯೋಚಿತ ಪರಿಹಾರ ಎಷ್ಟೋ ಅಷ್ಟನ್ನು ಕೊಡಬಹುದು ಎಂದು ನಾಗಪ್ಪ ವಿರುದ್ಧ ಗುರುದಯಾಳ್ ಸಿಂಗ್ ಪ್ರಕರಣದಲ್ಲಿ ಬಹಳ ಹಿಂದೆಯೇ ತೀರ್ಮಾನವಾಗಿದೆ.

ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯ ತರುವುದು ಸುಲಭವಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 27ನೇ ನಿಯಮದಡಿ ಅರ್ಜಿ ಹಾಕಬಹುದು, ಆದರೆ ಆಗಲೇ ಕೈಯಲ್ಲಿದ್ದ ದಾಖಲೆಯನ್ನು ನ್ಯಾಯಮಂಡಳಿಯಲ್ಲಿ ಏಕೆ ಹಾಜರುಪಡಿಸಲಿಲ್ಲ ಎಂಬ ಪ್ರಶ್ನೆಗೆ ಸಮಾಧಾನದ ಉತ್ತರ ಬೇಕು. ತೀರ್ಪಾದ ಮೇಲೆ ಪ್ಲೇಟು ತೆಗೆಸಲು ಮತ್ತೆ ಶಸ್ತ್ರಚಿಕಿತ್ಸೆಯಾದದ್ದು, ಸೋಂಕು ತಗುಲಿ ಕಾಲನ್ನು ಕತ್ತರಿಸಬೇಕಾಗಿ ಬಂದದ್ದು ಇಂಥ ಸಂದರ್ಭಗಳಲ್ಲಿ ಮಾತ್ರ ನಾನು ಅದಕ್ಕೆ ಕೈಹಾಕುತ್ತೇನೆ. ಹೊಸ ಸಾಕ್ಷ್ಯವನ್ನು ಒಪ್ಪಿದರೆ ಪ್ರಕರಣ ನ್ಯಾಯಮಂಡಳಿಗೆ ಮರಳಿ ಹೋಗುವ ಸಾಧ್ಯತೆ ಇರುತ್ತದೆ, ಆಗ ವರ್ಷಗಳು ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಬಡ ಕಕ್ಷಿದಾರನಿಗೆ ಆ ದಾರಿಯನ್ನು ಸೂಚಿಸುವ ಮೊದಲು ಎರಡು ಸಲ ಯೋಚಿಸುತ್ತೇನೆ.

ವಿಮಾ ಕಂಪನಿಯೇ ಮೇಲ್ಮನವಿ ಹಾಕಿದಾಗ ಪರಿಸ್ಥಿತಿ ಬೇರೆ. 25,000 ರೂಪಾಯಿ ಅಥವಾ ತೀರ್ಪಿನ ಮೊತ್ತದ ಅರ್ಧ, ಇವೆರಡರಲ್ಲಿ ಕಡಿಮೆಯಾದದ್ದನ್ನು ಠೇವಣಿ ಇಡದೆ ಅವರ ಮೇಲ್ಮನವಿ ವಿಚಾರಣೆಗೆ ಬರುವುದಿಲ್ಲ. ಚಾಲಕನ ಪರವಾನಗಿ ಸರಿಯಿಲ್ಲ, ವಾಹನಕ್ಕೆ ರಹದಾರಿ (ಪರ್ಮಿಟ್) ಇಲ್ಲ, ಗಾಯಾಳುವಿನದ್ದೂ ತಪ್ಪಿದೆ ಎಂಬುವು ಅವರ ಸಾಮಾನ್ಯ ಆಧಾರಗಳು. ನೋಟೀಸು ತಲುಪಿದವರು "ಗೆದ್ದಿದ್ದೇವಲ್ಲ" ಎಂದು ಸುಮ್ಮನೆ ಕೂರುವುದು ಬೇಡ. ತಮಗೂ ಮೊತ್ತ ಕಡಿಮೆಯೆನಿಸಿದ್ದರೆ ನೋಟೀಸು ತಲುಪಿದ ಒಂದು ತಿಂಗಳೊಳಗೆ ಅಡ್ಡ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಹಗುರ ಮೋಟಾರು ವಾಹನದ ಪರವಾನಗಿ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದ ಮೇಲೆ ಪರವಾನಗಿಯ ತಕರಾರುಗಳಲ್ಲಿ ಒಂದು ದೊಡ್ಡ ಭಾಗ ಬಲ ಕಳೆದುಕೊಂಡಿದೆ.

ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆ ಬಂದಾಗ ಕಕ್ಷಿದಾರರಿಗೆ ನಾನು ಮೊದಲು ತಿಳಿಸುವುದು, ಅಲ್ಲಿ ಒಪ್ಪಿ ಸಹಿ ಮಾಡಿದ ಮೇಲೆ ಮತ್ತೆ ಮೇಲ್ಮನವಿಯಿಲ್ಲ ಎಂಬುದನ್ನು. ವಿವಾದ ಆದಾಯದ ಅಂಕಿಗೆ ಮಾತ್ರ ಸಂಬಂಧಿಸಿದ್ದರೆ ರಾಜಿಯೇ ಲೇಸು, ಏಕೆಂದರೆ ಪಟ್ಟಿ ಇಬ್ಬರ ಕೈಯಲ್ಲಿಯೂ ಇರುತ್ತದೆ, ಹಣವೂ ಬೇಗ ಬರುತ್ತದೆ. ದುಡಿಮೆಯ ನಷ್ಟದ ಶೇಕಡಾವಾರೇ ವಿವಾದವಾಗಿದ್ದರೆ ವಿಮಾ ಕಂಪನಿಗಳು ರೂಢಿಯ ಮೂರನೆಯ ಒಂದು ಭಾಗವನ್ನು ಬಿಟ್ಟು ಮೇಲೆ ಬರುವುದು ಅಪರೂಪ. ಹಮಾಲರ ಪ್ರಕರಣದಲ್ಲಿ ಈ ಕಾರಣಕ್ಕಾಗಿಯೇ ನಾವು ರಾಜಿಗೆ ಒಪ್ಪಲಿಲ್ಲ.

ಹೈಕೋರ್ಟಿನ ತೀರ್ಪು ಬಂದ ಮೇಲೆ ಹೆಚ್ಚುವರಿ ಮೊತ್ತವನ್ನು ಸಾಮಾನ್ಯವಾಗಿ ವಾರ್ಷಿಕ ಶೇ. 6ರ ಬಡ್ಡಿಯೊಂದಿಗೆ, ತೀರ್ಪಿನಲ್ಲಿ ಹೇಳಿದ ವಾರಗಳೊಳಗೆ ಕಂಪನಿ ನ್ಯಾಯಮಂಡಳಿಯಲ್ಲಿ ಠೇವಣಿ ಇಡುತ್ತದೆ. ಬಡ್ಡಿ ಅರ್ಜಿ ಹಾಕಿದ ದಿನದಿಂದ ಓಡುತ್ತದೆ, ಆದರೆ ಮುಂದಿನ ವೈದ್ಯಕೀಯ ವೆಚ್ಚಕ್ಕೆಂದು ಕೊಟ್ಟ ಮೊತ್ತಕ್ಕೆ ಬಡ್ಡಿಯಿಲ್ಲ. ಕಂಪನಿಯ ಲೆಕ್ಕದ ಹಾಳೆ ಬಂದಾಗ ಈ ಎರಡನ್ನೂ, ವಿಳಂಬದ ದಿನಗಳ ಕಡಿತವನ್ನೂ ಕೂಡಿಸಿ ಕಳೆದು ಪರಿಶೀಲಿಸುವುದು ವಕೀಲರ ಕೆಲಸ. ಹಣ ಬಿಡುಗಡೆಯ ಅರ್ಜಿ ಹೈಕೋರ್ಟಿಗೆ ಬರುವುದಿಲ್ಲ, ಕೆಳಗಿನ ನ್ಯಾಯಮಂಡಳಿಯಲ್ಲಿಯೇ ಹಾಕಬೇಕು. ಕಕ್ಷಿದಾರನ ಸ್ವಂತ ಹೆಸರಿನ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್ ಮತ್ತು ಪ್ಯಾನ್ ಕಾರ್ಡಿನ ಪ್ರತಿಗಳನ್ನು ತೀರ್ಪಿಗೆ ಮುಂಚೆಯೇ ತರಿಸಿ ಕಡತದಲ್ಲಿ ಇಟ್ಟಿರುತ್ತೇನೆ, ಏಕೆಂದರೆ ಪಾಸ್‌ಬುಕ್ಕಿನಲ್ಲಿರುವ ಹೆಸರಿಗೂ ತೀರ್ಪಿನಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ಚೆಕ್ಕು ತಿಂಗಳುಗಟ್ಟಲೆ ನಿಲ್ಲುತ್ತದೆ.