ತಲೆಸುತ್ತಿನ ಜೊತೆಗೆ ಕಿವಿಯೂ ಮಂದವಾದಾಗ ಕಾರಣ ಗುರುತಿಸುವ ಬಗೆ

ಬೆಳಿಗ್ಗೆ ಎದ್ದು ಫೋನನ್ನು ಎಂದಿನಂತೆ ಬಲಗಿವಿಗೆ ಹಿಡಿದರೆ ದನಿಯೇ ಇಲ್ಲ, ಎಡಗಿವಿಗೆ ಹಿಡಿದರೆ ಸ್ಪಷ್ಟವಾಗಿ ಕೇಳಿಸುತ್ತದೆ. ಹಾಸಿಗೆಯಿಂದ ಇಳಿಯಹೋದರೆ ಕೋಣೆಯೇ ಗಿರ್ರನೆ ತಿರುಗುತ್ತದೆ. ಇದನ್ನು ಪಿತ್ತವೆಂದೋ ಬಿ.ಪಿ. ಎಂದೋ ತಳ್ಳಿಹಾಕುವುದು ನಮ್ಮಲ್ಲಿ ರೂಢಿ. ತಲೆಸುತ್ತು, ಕಿವಿ ಮಂದವಾಗುವುದು ಎರಡೂ ಒಟ್ಟಿಗೆ ಬಂದರೆ ದೋಷ ಹೆಚ್ಚಾಗಿ ಒಳಗಿವಿಯಲ್ಲೋ, ಅದಕ್ಕೆ ರಕ್ತ ಒಯ್ಯುವ ನಾಳದಲ್ಲೋ ಇರುತ್ತದೆ.

ಮೊದಲು ಅನುಮಾನಿಸಬೇಕಾದದ್ದು ಪಾರ್ಶ್ವವಾಯುವನ್ನು. ಒಳಗಿವಿಯ ರಕ್ತನಾಳವು ಸಾಮಾನ್ಯವಾಗಿ ಕಿರುಮಿದುಳಿಗೆ ಹೋಗುವ ಧಮನಿಯದೇ ಕವಲಾದ್ದರಿಂದ, ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಿದುಳಿನ ಆಘಾತವು ಕಿವಿಯ ಕಾಯಿಲೆಯ ವೇಷ ತೊಟ್ಟು ಬರಬಹುದು. ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಜೋಮು ಹಿಡಿದರೆ ಅಥವಾ ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರನ್ನು ಈ ಲಕ್ಷಣಗಳಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವುದೇ ಸರಿ.

ಅಂಥದ್ದೇನೂ ಇಲ್ಲವೆಂದರೆ ಬಾಯಿ ಮುಚ್ಚಿಕೊಂಡು 'ಹೂಂ' ಎಂದು ಉದ್ದಕ್ಕೆ ಎಳೆದು ನೋಡಿ. ದನಿ ಮಂದವಾದ ಕಿವಿಯಲ್ಲೇ ಜೋರಾಗಿ ಮೊಳಗಿದರೆ ಗುಗ್ಗೆಯೋ ನೆಗಡಿಯ ನೀರೋ ಅಡ್ಡಗಟ್ಟಿರಬಹುದು. ಚೆನ್ನಾಗಿರುವ ಕಿವಿಯ ಕಡೆಗೆ ವಾಲಿದರೆ ಒಳಗಿವಿ ಅಥವಾ ಕಿವಿಯ ನರದ ದೋಷದ ಶಂಕೆ ಬಲವಾಗುತ್ತದೆ. ಇದು ಅಂದಾಜಷ್ಟೇ, ಪರೀಕ್ಷೆಗೆ ಬದಲಲ್ಲ.

ಸುತ್ತು ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಬರೆದಿಡಿ, ವೈದ್ಯರು ಮೊದಲು ಕೇಳುವುದು ಅದನ್ನೇ. ಮಗ್ಗುಲು ಬದಲಿಸಿದಾಗ ಬಂದು ನಿಮಿಷದೊಳಗೆ ನಿಲ್ಲುವ ಸುತ್ತು ತಾನಾಗಿ ಕಿವಿ ಕೆಡಿಸುವುದಿಲ್ಲ. 20 ನಿಮಿಷದಿಂದ 12 ಗಂಟೆಯವರೆಗೆ ಕಾಡಿ, ಕಿವಿ ತುಂಬಿದಂತಾಗಿ, ಒಳಗೆ ಗುಂಯ್‌ಗುಟ್ಟಿ, ಮತ್ತೆ ಮತ್ತೆ ಮರುಕಳಿಸಿದರೆ ಅದು ಮೆನಿಯೇ ಎಂಬ ಒಳಗಿವಿಯ ಕಾಯಿಲೆಯಿರಬಹುದು. ಇದರಲ್ಲಿ ಆರಂಭದ ದಿನಗಳಲ್ಲಿ ಕಿವಿ ಮಂದವಾಗಿ ಮತ್ತೆ ತಿಳಿಯಾಗುವುದುಂಟು. ದಿನಗಟ್ಟಲೆ ಬಿಡದೆ ಸುತ್ತಿದರೆ ಒಳಗಿವಿಯ ಉರಿಯೂತವೂ ಕಾರಣವಾಗಿರಬಹುದು. ಕಿವಿಯ ಮೇಲೆ ನೀರುಗುಳ್ಳೆಗಳೆದ್ದು ಬಲವಾಗಿ ನೋಯುತ್ತಿದ್ದರೆ ಸರ್ಪಸುತ್ತಿನ ವೈರಸ್ಸನ್ನೂ, ಭಾರ ಎತ್ತಿದ ಕೂಡಲೇ ಶುರುವಾಗಿದ್ದರೆ ಒಳಗಿವಿಯ ದ್ರವ ಸೋರಿಕೆಯನ್ನೂ ಶಂಕಿಸಬೇಕು. ನರದ ಮೇಲಿನ ಗಡ್ಡೆ ಅಪರೂಪ, ಅದನ್ನು ಎಂಆರ್‌ಐ ತೋರಿಸುತ್ತದೆ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟು ವಾರ ಕಾಯುವುದು ಮಾತ್ರ ಬೇಡ. 3 ದಿನಗಳೊಳಗೆ ಕಿವಿ ಮಂದವಾಗಿ, ಕೇಳುವ ಶಕ್ತಿ ಅಳೆಯುವ ಆಡಿಯೋಮೆಟ್ರಿ ಪರೀಕ್ಷೆಯಲ್ಲಿ ಅಕ್ಕಪಕ್ಕದ 3 ಆವರ್ತನಗಳಲ್ಲಿ (ದನಿಯ ಏರಿಳಿತದ ಮಟ್ಟಗಳಲ್ಲಿ) ಒಳಗಿವಿ ಅಥವಾ ನರದ ದೋಷದಿಂದ ಕನಿಷ್ಠ 30 ಡೆಸಿಬೆಲ್‌ನಷ್ಟು ಕುಸಿತ ಕಂಡರೆ ವೈದ್ಯರು ಸಾಮಾನ್ಯವಾಗಿ ಸ್ಟೀರಾಯ್ಡ್ ಪರಿಗಣಿಸುತ್ತಾರೆ; ಅದನ್ನು ಮೊದಲ 2 ವಾರಗಳಲ್ಲಿ, ಆದಷ್ಟು ಬೇಗ ಆರಂಭಿಸಬೇಕಾಗುತ್ತದೆ.